ಚಿಕ್ಕವ್ವ ತೋರಿಸಿದ ಮರಗಳು

ನನ್ನನ್ನು ಹೆತ್ತವಳನ್ನು ಎಲ್ಲಿ ಮಣ್ಣು ಮಾಡಿದರೆಂದು ಅರವತ್ತು ವರ್ಷ ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಡ ಎಂದವರೂ ಯಾರೂ ಇರಲಿಲ್ಲ. ನನಗೆ ಹನ್ನೊಂದು ತಿಂಗಳಿದ್ದಾಗ ಅವಳು ತನ್ನ ತವರಿನಲ್ಲೇ ತೀರಿಕೊಂಡಳು; ಅಪ್ಪ ಇನ್ನೊಂದು ಮದುವೆಯಾಗಿ ದೂರವಾದ. ಅಂದಿನಿಂದ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡವಳು ಅವಳ ತಂಗಿ, ನನ್ನ ಚಿಕ್ಕವ್ವ. ಅವಳ ಮಡಿಲಲ್ಲೇ ಕೂತು "ನಮ್ಮವ್ವ ಎಲ್ಲಿ?" ಎಂದು ಕೇಳಿದರೆ ಅವಳಿಗೆ ನೋವಾಗುತ್ತದೆಂದು ತೀರಾ ಚಿಕ್ಕವಳಿದ್ದಾಗಲೇ ನನಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ಆಮೇಲೆ ಓದು, ನೌಕರಿ, ಮದುವೆ, ಮಕ್ಕಳು. ತುರುವೇಕೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ ಮೂವತ್ತು ವರ್ಷ ಕಳೆದವು. ಆ ಮಾತು ಹಾಗೇ ನಿಂತುಹೋಯಿತು.

ಅದು ಮತ್ತೆ ಎದ್ದದ್ದು ನಾನು ನಿವೃತ್ತಿಯಾದ ಮಾರನೆಯ ಬೇಸಿಗೆಯಲ್ಲಿ, ತಮ್ಮನ ಒಂದು ಫೋನಿನಿಂದ. ತಮ್ಮ ಎಂದರೆ ಚಿಕ್ಕವ್ವನ ಮಗ. ಅವ್ವನ ತವರಿನಲ್ಲಿ ಗಂಡುಮಕ್ಕಳಿರಲಿಲ್ಲ. ಅದಕ್ಕೇ ಚಿಕ್ಕವ್ವನಿಗೆ ಮನೆ ಅಳಿಯನನ್ನು ತಂದರು ಎಂದು ನಾನು ತಿಳಿದಿದ್ದೆ. ಅವಳು ಹುಟ್ಟಿದ ಮನೆಯಲ್ಲೇ ಉಳಿದಳು, ನಾನೂ ಅಲ್ಲೇ ಬೆಳೆದೆ. ದಬ್ಬೇಘಟ್ಟದಿಂದ ಎರಡು ಮೈಲಿ ಒಳಗೆ ಆ ಊರು. ಈಗ ಆ ತೋಟ ನೋಡಿಕೊಳ್ಳುವವನು ಈ ತಮ್ಮ.

"ಅಕ್ಕ, ಕೆಳಗಿನ ತೋಟದ ಹಳೇ ಮರ ತೆಗೆಸ್ತಾ ಇದೀನಿ. ಕಾಂಡದಲ್ಲಿ ರಸ ಸೋರಿ ಸೋರಿ ಒಳಗೆಲ್ಲ ಟೊಳ್ಳಾಗವೆ. ಮುಂಗಾರಿಗೆ ಮುಂಚೆ ಜೆಸಿಬಿ ಬತ್ತದೆ. ಆದ್ರೆ ದೊಡ್ಡವ್ವನ ಗುಡ್ಡೆ ಅಲ್ಲೇ ಎಲ್ಲೋ ಐತಂತೆ ಕಣಕ್ಕ. ಅದರ ಮೇಲೆ ಗಾಡಿ ಹಾಯಿಸಕ್ಕೆ ನಂಗೆ ಮನಸಿಲ್ಲ."

"ಚಿಕ್ಕವ್ವನ್ನ ಕೇಳು."

"ಕೇಳ್ದೆ. ದಿನಕ್ಕೊಂದು ಮರ ತೋರಿಸ್ತಾಳೆ. ನೀನೇ ಬಂದು ನೋಡು."

ಅವ್ವನನ್ನು ಮಣ್ಣು ಮಾಡಿದ ಗುಡ್ಡೆಯ ಮೇಲೆ ಒಂದು ಕಲ್ಲು ನೆಟ್ಟಿದ್ದರಂತೆ. ನಾಲೆ ನೀರು ಬಂದ ವರ್ಷ ಕೆಳಗಿನ ತೋಟವನ್ನೆಲ್ಲ ಸಮ ಮಾಡಿದಾಗ ಆ ಕಲ್ಲು ಯಾವ ಬದುವಿಗೆ ಸೇರಿತೋ ಯಾರಿಗೂ ಗೊತ್ತಿಲ್ಲ. ಜಾಗ ಕಂಡಿದ್ದ ಅಜ್ಜ, ಅಜ್ಜಿ, ಚಿಕ್ಕಪ್ಪ ಎಲ್ಲರೂ ಹೋಗಿಯಾಗಿತ್ತು. ಉಳಿದವಳು ಚಿಕ್ಕವ್ವ ಒಬ್ಬಳೇ. ಅವಳಿಗೆ ಎಂಬತ್ತೆರಡು. ನಾನು ಹತ್ತು ಹನ್ನೆರಡು ದಿನಕ್ಕಾಗುವಷ್ಟು ಬಟ್ಟೆ ತುಂಬಿಕೊಂಡು ಹೊರಟೆ.

ತೆಂಗಿನ ತೋಟದಲ್ಲಿ ಬೆಳಗಿನ ಬೆಳಕು ಒಂದು ಕಡೆ ನಿಲ್ಲುವುದಿಲ್ಲ. ಮೇಲೆ ಗರಿಗಳು ಆಡಿದಂತೆ ಕೆಳಗೆ ನೆಲವೂ ಆಡುತ್ತದೆ. ಈಗ ಬೆಳ್ಳಗೆ ಕಂಡ ಜಾಗ ಮರುಗಳಿಗೆಗೆ ನೆರಳು. ಮೊದಲನೆಯ ಬೆಳಿಗ್ಗೆ ಚಿಕ್ಕವ್ವ ನನ್ನ ಹೆಗಲ ಮೇಲೆ ಕೈಯಿಟ್ಟು ಆ ಆಡುವ ಬೆಳಕಿನೊಳಗೆ ನಡೆದಳು. ನೀರಿನಲ್ಲಿ ಕಾಲಿಟ್ಟವಳ ಹಾಗೆ ಮೆಲ್ಲಗೆ ನಡೆಯುತ್ತಿದ್ದಳು. ಕಾಲುದಾರಿಯ ಪಕ್ಕದ ಒಂದು ಮರದ ಹತ್ತಿರ ನಿಂತು ಅಂಗೈಯನ್ನು ಪೂರ್ತಿ ಅದರ ಮೇಲಿಟ್ಟಳು.

"ಇದೇ. ತಲೆ ಈ ಕಡೆ, ಕಾಲು ಆ ಕಡೆ. ನಮ್ಮಪ್ಪ ಇಲ್ಲೇ ಕುಕ್ಕರಿಸ್ಕಂಡಿದ್ದ. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೋಡು. ಬರೀ ಮಣ್ಣು ಹಿಸುಕ್ತಿದ್ದ."

ನಾನು ಕೂತು ಬುಡದ ಮಣ್ಣು ಮುಟ್ಟಿದೆ. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎದ್ದು, ಅವಳ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿನಿಂದ ಆ ಮರಕ್ಕೆ ಒಂದು ಬೊಟ್ಟಿಟ್ಟೆ.

ಮಾರನೆಯ ಬೆಳಿಗ್ಗೆ ಕೇಳಬೇಕೆಂದು ಕರೆದುಕೊಂಡು ಹೋದದ್ದಲ್ಲ, ಸುಮ್ಮನೆ ಓಡಾಡಿಸೋಣ ಎಂದು. ಚಿಕ್ಕವ್ವ ನಾನು ಸುಣ್ಣದ ಬೊಟ್ಟಿಟ್ಟ ಮರದ ಪಕ್ಕದಲ್ಲೇ ಹಾದುಹೋದಳು, ಅದನ್ನು ತಿರುಗಿಯೂ ನೋಡಲಿಲ್ಲ. ಹಳೇ ಬಾವಿಯ ಕಡೆಯ ಇನ್ನೊಂದು ಮರ ಮುಟ್ಟಿ, "ಇಲ್ಲೇ ಕಣೇ ನಿಮ್ಮವ್ವ ಇರೋದು" ಎಂದಳು. ದನಿ ನಿನ್ನೆಯಷ್ಟೇ ಗಟ್ಟಿಯಾಗಿತ್ತು.

"ನಿನ್ನೆ ಆ ಮರ ಅಂದ್ಯಲ್ಲ ಚಿಕ್ಕವ್ವ?"

"ನಿನ್ನೆ ನಾನು ತೋಟಕ್ಕೇ ಬರ್ಲಿಲ್ವಲ್ಲ!"

ಮೂರನೆಯ ದಿನ ಅವಳಿಗೆ ಗುಡ್ಡೆ ಎಂಬ ಮಾತೇ ಅರ್ಥವಾಗಲಿಲ್ಲ. "ಅಕ್ಕಂಗೇನಾಗೈತೆ? ಬೆಳಿಗ್ಗೇನೆ ಎಮ್ಮೆ ಹೊಡ್ಕಂಡು ಹೋದ್ಲು. ಬತ್ತಾಳೆ ಬುಡು" ಎಂದು ಕಾಲುದಾರಿಯ ಕೊನೆ ನೋಡಿದಳು. ಅವಳು ಅಷ್ಟು ನೆಮ್ಮದಿಯಿಂದ ನೋಡಿದ್ದಕ್ಕೆ ನಾನೂ ಅತ್ತ ನೋಡಿದೆ. ದಾರಿಯಲ್ಲಿ ಒಣಗಿದ ಗರಿಗಳು ಬಿದ್ದಿದ್ದವು, ಬಿಸಿಲು ಬಿದ್ದಿತ್ತು. ಒಂದು ಗಳಿಗೆ ನಿಜಕ್ಕೂ ಯಾರೋ ಬರುತ್ತಾರೆ ಅನ್ನಿಸಿತು. ಮುಖವನ್ನೇ ಕಾಣದ ಹೆಂಗಸಿಗಾಗಿ ನಾನು ಅಷ್ಟು ಹೊತ್ತು ಕಾದದ್ದು ಆ ಬೆಳಿಗ್ಗೆ ಬಿಟ್ಟರೆ ಇನ್ನೆಂದೂ ಇಲ್ಲ.

ಅಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ತಮ್ಮನ ಹೆಂಡತಿ ಕಾಯಿ ತುರಿಯುತ್ತ ಕೂತಿದ್ದಳು. ನನ್ನ ಮುಖ ನೋಡಿ ತುರಿಯುವುದನ್ನು ನಿಲ್ಲಿಸಿದಳು.

"ಅಕ್ಕ, ಬೇಜಾರು ಮಾಡ್ಕಬೇಡಿ. ಇದ್ರಲ್ಲಿ ಅರ್ಧ ನಾಟಕ. ಮೊನ್ನೆ ಅತ್ತೆ, ನಮ್ಮ ತವರಿನೋರು ನನ್ನ ಮದುವೇಲಿ ತಂದಿದ್ದ ಸೀರೆ ಯಾವ ಬಣ್ಣ, ಅಂಚು ಎಷ್ಟಗಲ, ಎಲ್ಲ ಹೇಳಿದ್ರು. ಇವತ್ತು ನನ್ನ ನೋಡಿ 'ಯಾರ ಮನೆ ಮಗಳವ್ವಾ ನೀನು' ಅಂತಾರೆ. ಮರ್ತೋರು ಪೂರಾ ಮರೀಬೇಕು. ಒಂದಿನ ನೆಪ್ಪು, ಒಂದಿನ ಮರವು ಅಂದ್ರೆ ಹೆಂಗೆ?"

"ನಾಟಕ ಆಡೋ ವಯಸ್ಸಾ ಅದು?" ಎಂದು ನಾನು ರೇಗಿದೆ.

ಅವಳು ತುರಿಮಣೆಯ ಮೇಲೆ ಮತ್ತೆ ಬಾಗಿದಳು. ಬಾಗಿದ ಆ ಬೆನ್ನು ನೋಡಿ ನನಗೆ ನಾಚಿಕೆಯಾಯಿತು. ಆರು ವರ್ಷದಿಂದ ಚಿಕ್ಕವ್ವನಿಗೆ ನೀರು ಹುಯ್ಯುವವಳು ಅವಳು, ಸೀರೆ ಉಡಿಸುವವಳು ಅವಳು, ತಾನು ಬೇಯಿಸಿ ಬಡಿಸಿದ ಮುದ್ದೆ ಉಂಡೆದ್ದ ಅತ್ತೆಯಿಂದಲೇ 'ಊಟ ಹಾಕಲಿಲ್ಲ' ಎಂದು ಬೀದಿಯಲ್ಲಿ ಹೇಳಿಸಿಕೊಂಡವಳೂ ಅವಳು. ಅದಕ್ಕಿಂತ ಹೆಚ್ಚಾಗಿ, ಅದೇ ಸಂಶಯ ಎರಡನೆಯ ಬೆಳಿಗ್ಗೆ ಬಾವಿಯ ಹತ್ತಿರ ನನ್ನ ಮನಸ್ಸಿಗೂ ಬಂದಿತ್ತು. ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಎರಡು ದಿನ ಬಿಟ್ಟು ಮೂವರೂ ತಿಪಟೂರಿಗೆ ಹೋದೆವು. ಅಲ್ಲಿನ ಡಾಕ್ಟರು ಚಿಕ್ಕವ್ವನಿಗೆ ಎಲೆ, ಹಗ್ಗ, ದೀಪ ಎಂದು ಮೂರು ಮಾತು ಹೇಳಿ, ಅದೂ ಇದೂ ವಿಚಾರಿಸಿ, ಸ್ವಲ್ಪ ಹೊತ್ತಿನ ಮೇಲೆ ಆ ಮೂರನ್ನೂ ಹೇಳಿ ಎಂದರು. ಚಿಕ್ಕವ್ವ ಮೂರನ್ನೂ ಹೇಳಿದಳು. ಹೇಳಿ, "ಇದನ್ನ ಕೇಳಕ್ಕೆ ಅಷ್ಟು ವರ್ಷ ಓದಿದ್ಯೇನಪ್ಪಾ?" ಎಂದು ಅವರನ್ನೇ ಕೇಳಿದಳು. ಡಾಕ್ಟರು ನಕ್ಕರು. ತಮ್ಮನ ಹೆಂಡತಿ 'ನೋಡಿದ್ರಾ' ಎನ್ನುವ ಹಾಗೆ ನನ್ನ ಕಡೆ ತಿರುಗಿದಳು. ಡಾಕ್ಟರು ರಕ್ತದೊತ್ತಡ ನೋಡಿದರು, ಮಾತ್ರೆಗಳ ಚೀಟಿ ನೋಡಿದರು, ಹೊರಗೆ ಜನರ ಗಲಾಟೆಯ ನಡುವೆ ಅರ್ಧ ಗಂಟೆ ಕೂತು ಬರಲು ಹೇಳಿದರು. ಮತ್ತೆ ಒಳಗೆ ಹೋದಾಗ ಅದೇ ಮೂರು ಮಾತನ್ನು ಮತ್ತೆ ಹೇಳಿ, ಮತ್ತೆ ಕೇಳಿದರು. ಈ ಸಲ ಚಿಕ್ಕವ್ವ "ಹಗ್ಗ" ಎಂದು ನಿಂತುಬಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನನ್ನ ಮುಖ ನೋಡಿದಳು.

ಡಾಕ್ಟರು ನಮ್ಮಿಬ್ಬರಿಗೂ ನಿಧಾನವಾಗಿ ಹೇಳಿದರು. "ವಯಸ್ಸಾದ ಹಾಗೆ ನೆನಪು ಕಡಿಮೆಯಾಗೋದನ್ನ ಎಲ್ಲರೂ ಗಮನಿಸ್ತಾರೆ. ಅದು ಏರುಪೇರಾಗೋದನ್ನ ಯಾರೂ ಗಮನಿಸಲ್ಲ. ಸೋಮವಾರ ಇದ್ದ ಹಾಗೆ ಮಂಗಳವಾರ ಇರಲ್ಲ, ಬೆಳಿಗ್ಗೆ ಇದ್ದ ಹಾಗೆ ಸಾಯಂಕಾಲ ಇರಲ್ಲ. ನಿದ್ದೆ, ಊಟ, ಗಲಾಟೆ, ಆಯಾಸ, ಎಲ್ಲಕ್ಕೂ ಅದು ಅಲುಗಾಡುತ್ತೆ. ಇದು ಅವರ ಕೈಲಿಲ್ಲಮ್ಮ. ಒಂದು ದಿನದ ಉತ್ತರ ಹಿಡ್ಕೊಂಡು ಚೆನ್ನಾಗಿದ್ದಾರೆ ಅಂತಲೂ ಅನ್ನಬೇಡಿ, ಮುಗೀತು ಅಂತಲೂ ಅನ್ನಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ನನ್ನ ಕಾಲು ಮುಟ್ಟಿದಳು. "ನೆನಪಿದೀನಾ ಮಿಸ್?" ಎಂದಳು. ಇವಳು ನನ್ನ ವಿದ್ಯಾರ್ಥಿ, ಕಿಟಕಿ ಪಕ್ಕ ಕೂರುತ್ತಿದ್ದಳು, ಬೀಜಗಣಿತ ಎಂದರೆ ಹೆದರುತ್ತಿದ್ದಳು, ಇಷ್ಟೆಲ್ಲ ನೆನಪಾಯಿತು. ಹೆಸರು ಮಾತ್ರ ಬರಲಿಲ್ಲ. "ನೆನಪಿಲ್ದೆ ಏನಮ್ಮ" ಎಂದು ಸುಳ್ಳು ಹೇಳಿ ಕಳಿಸಿದೆ. ಬಸ್ಸು ಊರು ದಾಟಿ, ಕಿಟಕಿಯಾಚೆ ತೋಟದ ಮೇಲೆ ತೋಟ ಹಾದುಹೋಗುತ್ತಿದ್ದಾಗ, ನಾನೇನೂ ಪ್ರಯತ್ನ ಪಡದೆ, ಆ ವರ್ಷದ ಇಡೀ ಹಾಜರಿ ಪುಸ್ತಕ ಒಂದರಿಂದ ಕೊನೆಯವರೆಗೆ ತಾನಾಗಿ ಬಿಚ್ಚಿಕೊಂಡಿತು. ಅವಳದು ಇಪ್ಪತ್ಮೂರನೆಯ ಹೆಸರು. ಕೂಗಿ ಹೇಳಲು ಅವಳು ಅಲ್ಲಿರಲಿಲ್ಲ. ಪಕ್ಕದಲ್ಲಿ ಚಿಕ್ಕವ್ವ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದಳು. ಮುಂದಿನ ಸೀಟಿನಿಂದ ತಮ್ಮನ ಹೆಂಡತಿ ತಿರುಗಿ, ಬಹಳ ಹೊತ್ತು ಅತ್ತೆಯನ್ನು ನೋಡಿದಳು.

"ಹಂಗಾದ್ರೆ ಬೇಕು ಅಂತ ಮಾಡೋದಲ್ಲ ಅಕ್ಕ."

"ಅಲ್ಲ ಕಣವ್ವ."

"ನಾನು ಎಷ್ಟು ಸಲ ಬೈದುಬುಟ್ಟೆ" ಎಂದು ಮುಂದಕ್ಕೆ ತಿರುಗಿಕೊಂಡಳು.

ಅಂದಿನಿಂದ ಗುಡ್ಡೆ ಹುಡುಕುವುದು ನನ್ನೊಬ್ಬಳ ಕೆಲಸವಾಗಿ ಉಳಿಯಲಿಲ್ಲ. ತಮ್ಮನ ಹೆಂಡತಿ ಬೆಳಿಗ್ಗೆಯೇ ಚಿಕ್ಕವ್ವನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಹಾಲು ಕುಡಿಸಿ, ಟೀವಿ ಹಾಕಿದ್ದರೆ ಆರಿಸಿ ಕಳಿಸುತ್ತಿದ್ದಳು. "ಚೆನ್ನಾಗಿ ನಿದ್ದೆ ಬಂದೈತೆ ಇವತ್ತು, ಕೇಳಿ" ಎನ್ನುವಳು. ಇಲ್ಲವೇ, "ಇವತ್ತು ಬೇಡ ಅಕ್ಕ, ಎದ್ದಾಗಿಂದ ಸೆರಗು ಹಿಂಡ್ತಾ ಅವ್ರೆ" ಎನ್ನುವಳು. ಆರು ವರ್ಷ ಅವಳು ಇದನ್ನೆಲ್ಲ ನೋಡುತ್ತಲೇ ಇದ್ದಳು, ಅದಕ್ಕೆ ಅರ್ಥ ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನು 'ನಿನ್ನೆ ಹಾಗಂದೆ' ಎನ್ನುವುದನ್ನು ನಿಲ್ಲಿಸಿದೆ. ಚಿಕ್ಕವ್ವ ಯಾವ ಮರ ಮುಟ್ಟಿದರೂ ಹೂಂಗುಟ್ಟಿ ಅದಕ್ಕೊಂದು ಬೊಟ್ಟಿಡುತ್ತಿದ್ದೆ. ಮುಟ್ಟಿದ ಮರವನ್ನೇ ಮತ್ತೆ ಮುಟ್ಟಿದರೆ ಇನ್ನೊಂದು ಬೊಟ್ಟು.

ಆ ದಿನಗಳು ಈಗ ನೆನಪಿಸಿಕೊಂಡರೆ ಒಂದರಿಂದ ಇನ್ನೊಂದನ್ನು ಬಿಡಿಸುವುದು ನನಗೂ ಕಷ್ಟ. ಅದೇ ಹೊತ್ತು, ಅದೇ ದಾರಿ, ಹೆಗಲ ಮೇಲೆ ಅದೇ ಹಗುರಾದ ಕೈ. ಎಲ್ಲಿಂದಲೋ ಒಣ ಮಟ್ಟೆ ಕಳಚಿ ಬೀಳುವ ಸದ್ದು, ಆಮೇಲೆ ಮೊದಲಿಗಿಂತ ಹೆಚ್ಚಿನ ಮೌನ. ಚಿಕ್ಕವ್ವ ಕೆಲವು ದಿನ ನನ್ನನ್ನು ನನ್ನ ಹೆಸರಿನಿಂದ ಕರೆದಳು, ಕೆಲವು ದಿನ "ಅಕ್ಕಾ" ಎಂದಳು. ಅಕ್ಕಾ ಎಂದ ದಿನ ನಾನು "ಏನು" ಎಂದು ಓಗೊಟ್ಟೆ. ಹಾಗೆ ಓಗೊಡುವುದು ತಪ್ಪೋ ಸರಿಯೋ ಯೋಚಿಸಲಿಲ್ಲ. "ನಿನ್ನ ಕೂಸು ಹಾಲು ಕುಡೀತಿಲ್ಲ" ಎಂದಳು ಒಮ್ಮೆ. "ಕುಡೀತದೆ, ನೀನು ಕುಡಿಸು" ಎಂದೆ. ಅವಳಿಗೆ ಸಮಾಧಾನವಾಯಿತು.

ವಾರ ಕಳೆಯುವಷ್ಟರಲ್ಲಿ ನನ್ನೊಳಗಿನ ಗಣಿತದ ಮೇಷ್ಟ್ರಿಗೆ ಒಂದು ವಿಷಯ ಕಂಡಿತು. ಬೊಟ್ಟುಗಳು ತೋಟದ ತುಂಬ ಚೆಲ್ಲಿರಲಿಲ್ಲ. ಕಾಲುದಾರಿಗೂ ಹಳೇ ಬಾವಿಗೂ ನಡುವೆ ಐದು ಮರಗಳಿದ್ದವು. ಮತ್ತೆ ಮತ್ತೆ ಅವಳ ಕೈ ಅವುಗಳಲ್ಲಿ ಯಾವುದೋ ಒಂದನ್ನು ಹುಡುಕಿಕೊಂಡು ಹೋಗುತ್ತಿತ್ತು. ಒಂದೇ ಒಂದು ಮರ ಮಾತ್ರ ಆಚೆ, ದೂರದಲ್ಲಿ, ಬೇಲಿಯ ಮಗ್ಗುಲಲ್ಲಿತ್ತು. ಅದನ್ನು ಅವಳು ಎರಡು ಸಲ ತೋರಿಸಿದ್ದಳು. ಅದು ತಪ್ಪು ಇರಬೇಕು ಎಂದು ನಾನು ಮನಸ್ಸಿನಲ್ಲೇ ಹೊಡೆದುಹಾಕಿದ್ದೆ.

ಜೆಸಿಬಿ ಬರಲು ಎರಡು ದಿನ ಇದ್ದಾಗ ಮಳೆ ಹನಿಯಿತು. ಬೆಳಿಗ್ಗೆ ಮೋಡ ಮುಚ್ಚಿಕೊಂಡೇ ಇತ್ತು. ನೆರಳೂ ಇರಲಿಲ್ಲ, ಬೆಳಕಿನ ಆಟವೂ ಇರಲಿಲ್ಲ. ತೋಟವೆಲ್ಲ ಒಂದೇ ಬೂದು ಬಣ್ಣದಲ್ಲಿ ತೊಯ್ದು ನಿಂತಿತ್ತು. ನಾನು ಕರೆಯುವ ಮುಂಚೆಯೇ ಚಿಕ್ಕವ್ವ ಜಗಲಿಯಿಂದಿಳಿದು "ಅಕ್ಕನ ಹತ್ರ ಹೋಗಾನ ಬಾ" ಎಂದಳು.

ಐದು ಮರಗಳನ್ನೂ ದಾಟಿ ಅವಳು ನೇರ ಬೇಲಿಯ ಹತ್ತಿರದ ಆ ಮರಕ್ಕೇ ಹೋದಳು. ಬುಡದಲ್ಲಿ ಬಿದ್ದಿದ್ದ ಮಟ್ಟೆಯ ಮೇಲೆ ಕೂತಳು. ನನ್ನ ಲೆಕ್ಕಾಚಾರವೆಲ್ಲ ಹಾಳಾಯಿತಲ್ಲ ಅನ್ನಿಸಿತು.

"ಇಲ್ಲೇನಾ ಚಿಕ್ಕವ್ವ ಅವ್ವ ಇರೋದು?"

"ಇಲ್ಲಿ ಅವಳ್ಯಾಕಿರ್ತಾಳೆ? ಇಲ್ಲಿ ನೀನಿದ್ದೆ."

ನಾನು ಅವಳ ಪಕ್ಕದಲ್ಲಿ ಕೂತೆ.

"ಹಸುಗೂಸು ಎತ್ಕಂಡು ಹತ್ರ ಬರಬ್ಯಾಡ ಅಂದ್ಲು ನಮ್ಮವ್ವ. ನಿನ್ನ ಎತ್ಕಂಡು ನಾನು ಇಲ್ಲೇ ನಿಂತ್ಕಂಡೆ. ಗಂಡಸರ ಬೆನ್ನು ಬಿಟ್ರೆ ಏನೂ ಕಾಣ್ಲಿಲ್ಲ ಕಣೇ. ಅಲ್ಲಿ" ಎಂದು ಕೈ ಚಾಚಿದಳು. ಕೈ ಒಂದು ಕಡೆ ನಿಲ್ಲಲಿಲ್ಲ. ಬಾವಿಯಿಂದ ದಾರಿಯವರೆಗೆ, ಐದೂ ಮರಗಳ ಮೇಲೆ, ಗೋಡೆ ಸಾರಿಸುವ ಹಾಗೆ ನಿಧಾನವಾಗಿ ಹೋಗಿ ಬಂತು. "ಅಲ್ಲಿ ಎಲ್ಲೋ. ನಾನು ಹತ್ರಕ್ಕೇ ಹೋಗ್ಲಿಲ್ಲ. ಕಲ್ಲು ನೆಟ್ಟ ಮ್ಯಾಲೂ ಆ ಕಡೆ ತಿರುಗಿ ನೋಡ್ಲಿಲ್ಲ."

"ನಾನು ಅಳ್ತಿದ್ನಾ?"

"ಅಳೋದು ಅಂದ್ರೆ! ಬಾಯಿ ಮುಚ್ಚಿಸಕ್ಕಾಗ್ಲಿಲ್ಲ. ಮ್ಯಾಲೆ ಗರಿ ಆಡೋದು ತೋರಿಸ್ದೆ. ನೋಡಿ ನಕ್ಕುಬುಟ್ಟೆ. ಅಲ್ಲಿ ಅವಳ ಮ್ಯಾಲೆ ಮಣ್ಣು ಎಳೀತಾವ್ರೆ, ಇಲ್ಲಿ ನೀನು ನಗ್ತಾ ಇದೀಯ." ಚಿಕ್ಕವ್ವ ತನ್ನ ಅಂಗೈ ನೋಡಿಕೊಂಡಳು. "ಅವತ್ತೇ ಅಪ್ಪಂಗೆ ಹೇಳ್ದೆ. ಇವಳ್ನ ಬುಟ್ಟು ನಾನು ಯಾರ ಮನೆಗೂ ಹೋಗಕ್ಕಿಲ್ಲ, ಬರೋನು ಇಲ್ಲಿಗೇ ಬರ್ಲಿ ಅಂತ. ಚಿಕ್ಕನಾಯಕನಹಳ್ಳಿ ಕಡೆ ಗಂಡು ಗೊತ್ತಾಗಿತ್ತು. ಬ್ಯಾಡ ಅಂದೆ."

ಮನೆ ಅಳಿಯ ಬಂದದ್ದು ಮನೆಯಲ್ಲಿ ಗಂಡುಮಕ್ಕಳಿಲ್ಲವೆಂದು ಎಂದೇ ನಾನು ಅಲ್ಲಿಯತನಕ ನಂಬಿದ್ದೆ. ಎಲ್ಲರೂ ಹೇಳಿದ್ದು ಹಾಗೇ. ನಾನು ಅವಳ ಕೈ ಹಿಡಿದುಕೊಂಡೆ. ಕೊನೆಗೆ "ಆ ಗಂಡು ಚೆನ್ನಾಗಿದ್ನಾ ಚಿಕ್ಕವ್ವ?" ಎಂದೆ. ಅವಳು ಹುಡುಗಿಯ ಹಾಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಹನಿಗಳು ನಮ್ಮಿಬ್ಬರ ತಲೆಯ ಮೇಲೂ ಬಿದ್ದವು, ಇಬ್ಬರೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಆ ಮಾತು ಒಂದೂ ಅವಳಲ್ಲಿ ಉಳಿದಿರಲಿಲ್ಲ. ಚಿಕ್ಕನಾಯಕನಹಳ್ಳಿ ಎಂದರೆ "ಅಲ್ಲಿ ನಮಗ್ಯಾರೂ ಇಲ್ಲ" ಎಂದಳು. ಹಾಗಾದರೆ ಹಿಂದಿನ ದಿನ ಹೇಳಿದ್ದು ನಿಜವೇ? ಮಣ್ಣು ಮಾಡಿದ ದಿನ ಹತ್ತಿರ ಹೋಗಲಿಲ್ಲವೆಂದರೆ, ಅಜ್ಜ ಮಣ್ಣು ಹಿಸುಕುತ್ತಿದ್ದುದನ್ನು ಅವಳು ಕಂಡದ್ದು ಯಾವಾಗ? ಯಾರಾದರೂ ಹೇಳಿದ್ದೇ, ಇನ್ನೊಂದು ದಿನದ್ದೇ? ಪರೀಕ್ಷೆಯ ಉತ್ತರ ಪತ್ರಿಕೆಯಾಗಿದ್ದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಆದರೆ ಒಂದು ಮಾತ್ರ ನನಗೆ ಸ್ಪಷ್ಟವಾಗಿತ್ತು. ಒಂದೇ ಮರ ಅವಳಿಗೆ ಎಂದೂ ಗೊತ್ತಿರಲಿಲ್ಲ. ಇಪ್ಪತ್ತೊಂದರ ಹರೆಯದಲ್ಲಿ, ನೆನಪು ಗಟ್ಟಿಯಿದ್ದಾಗಲೂ, ಅವಳಿಗೆ ಕಂಡದ್ದು ಒಂದಿಷ್ಟು ಬೆನ್ನುಗಳು ಮತ್ತು ಅವುಗಳಾಚೆಯ ಜಾಗ. ನಾವು ಅವಳಿಂದ ಕೇಳುತ್ತಿದ್ದದ್ದು ಅವಳ ಹತ್ತಿರ ಇಲ್ಲದ್ದನ್ನು. ಇಲ್ಲ ಎಂದು ಹೇಳಲಾರದೆ ಅವಳು ದಿನಕ್ಕೊಂದು ಕೊಡುತ್ತ ಬಂದಳು.

ತಮ್ಮ ಬಂದು ನನ್ನ ಪಕ್ಕ ನಿಂತ. "ಯಾವುದಕ್ಕಾ?"

"ಒಂದು ಅಂತ ಹೇಳಕ್ಕಾಗಲ್ಲ ಕಣಪ್ಪ. ಈ ಐದು ಬಿಡ್ತೀಯಾ?"

ಅವನು ಐದನ್ನೂ ನೋಡಿದ. ಎರಡರ ಕಾಂಡದಿಂದ ಕಂದು ರಸ ಇಳಿದು ಒಣಗಿತ್ತು. "ಇವೆರಡು ಹೆಚ್ಚು ದಿನ ಬದುಕಲ್ಲ" ಎಂದ. ಆಮೇಲೆ, "ಬದುಕೋಷ್ಟು ದಿನ ಇರ್ಲಿ ಬುಡು" ಎಂದ.

ಜೆಸಿಬಿ ಬಂದ ದಿನ ತಮ್ಮನ ಹೆಂಡತಿ ಚಿಕ್ಕವ್ವನನ್ನು ಹಿತ್ತಲ ಕಡೆ ಕೂರಿಸಿಕೊಂಡು ನೆನೆಸಿದ ಅವರೆಕಾಳು ಹಿಸುಕುವ ಕೆಲಸ ಕೊಟ್ಟಳು. ನಾನು ತೋಟದಲ್ಲೇ ಇದ್ದೆ. ದೊಡ್ಡ ಮರಗಳು ಬೇರುಸಮೇತ ಹೊರಗೆ ಬಂದವು. ಹಸಿ ಮಣ್ಣಿನ ವಾಸನೆ ಊರವರೆಗೂ ಹರಡಿತು. ಬೇಲಿಯ ಹತ್ತಿರದ ಮರದ ಸರದಿ ಬಂದಾಗ ನಾನು ತಡೆಯಲಿಲ್ಲ. ಅದು ಪೂರ್ತಿ ಟೊಳ್ಳಾಗಿತ್ತು. ಅದಕ್ಕೆ ಒಂದು ಸಲ ಕೈ ಮುಟ್ಟಿಸಿ ಹಿಂದೆ ಸರಿದೆ. ಸಂಜೆಯ ಹೊತ್ತಿಗೆ ಬಯಲಾದ ಕೆಳಗಿನ ತೋಟದ ನಡುವೆ ಐದು ಮರ ಮಾತ್ರ ಉಳಿದವು. ಅಷ್ಟು ಆಕಾಶವನ್ನು ಆ ಜಾಗದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಮಳೆಗಾಲ ಕಳೆದು ಪಿತೃಪಕ್ಷದ ಅಮಾವಾಸ್ಯೆ ಬಂತು. ಹೆತ್ತವಳಿಗೆ ನಾನು ಮೊದಲ ಬಾರಿಗೆ ಎಡೆಯಿಟ್ಟೆ. ಐದು ಮರಗಳ ನಡುವೆ ನೆಲ ಸಾರಿಸಿ, ಬಾಳೆ ಎಲೆ ಹಾಸಿ, ಒಬ್ಬಟ್ಟು, ವಡೆ, ಪಾಯಸ ಬಡಿಸಿದೆವು. ಸುತ್ತ ಹೊಸ ಸಸಿಗಳು ಮೊಣಕಾಲೆತ್ತರ ಇದ್ದವು. ಚಿಕ್ಕವ್ವನಿಗೆ ಅಂದು ಒಳ್ಳೆಯ ದಿನವಲ್ಲ. ಬೆಳಿಗ್ಗೆಯಿಂದ ಸೆರಗು ಹಿಂಡುತ್ತಿದ್ದಳು.

"ಯಾರಿಗೆ ಇದು?" ಎಂದಳು.

"ಅವ್ವಂಗೆ."

"ಯಾವ ಅವ್ವಂಗೆ?"

ನಾನು ಉತ್ತರ ಕೊಡುವಷ್ಟರಲ್ಲಿ ಅವಳು ಎಲೆಯ ಮುಂದೆ ಕೂತು, ಅದನ್ನು ತನ್ನ ಕಡೆಗೆ ಎಳೆದುಕೊಂಡು, ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡಳು. ಇನ್ನೂ ಪೂಜೆ ಮಾಡಿರಲಿಲ್ಲ. ತಮ್ಮ "ಅವ್ವಾ" ಎಂದು ಮುಂದೆ ಬಂದ. ಅವನ ಹೆಂಡತಿ ಅವನ ತೋಳು ಹಿಡಿದು ನಿಲ್ಲಿಸಿದಳು.

"ತಿನ್ಲಿ ಬುಡಿ. ಸಾಕಿದೋರೂ ಅವ್ರೇ ಅಲ್ವಾ."

ನಾನು ಎದುರಿಗೆ ಕೂತೆ. ಚಿಕ್ಕವ್ವ ಅವಸರವಿಲ್ಲದೆ, ಒಂದೊಂದನ್ನೂ ರುಚಿ ನೋಡುತ್ತ ಎಲೆ ಖಾಲಿ ಮಾಡಿದಳು. ತುಟಿಯ ಮೇಲಿನ ಪಾಯಸವನ್ನು ಕೈಯಿಂದ ಒರೆಸಿಕೊಂಡು ಸೊಸೆಯ ಮುಖ ನೋಡಿ, "ಇನ್ನೊಂದು ಚೂರು ಹಾಕವ್ವ, ಚೆನ್ನಾಗೈತೆ" ಎಂದಳು. ಸೊಸೆ ಇನ್ನಷ್ಟು ತರಲು ಮನೆಯ ಕಡೆಗೆ ಬೇಗಬೇಗ ನಡೆದಳು.